ಬಿಚ್ಚದ ಒಂಬತ್ತು ಗಂಟು

ಮುನ್ನುಡಿ ಬಂದಿತ್ತು. ಹದಿನಾಲ್ಕು ತಿಂಗಳು ಕಾಯಿಸಿ, ಸತಾಯಿಸಿ, ಕೊನೆಗೂ ಬಂದಿತ್ತು.

ಪ್ರಕಾಶಕ ದತ್ತಪ್ಪನವರು ಅದನ್ನು ದೇವಸ್ಥಾನದ ಪ್ರಸಾದ ತರುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಒಳಕೋಣೆಗೆ ತಂದರು. ಸುನಂದಾ ಕಂಪ್ಯೂಟರಿನ ಮುಂದೆ ಕೂತು ಯಾರದೋ ಅಭಿನಂದನಾ ಗ್ರಂಥದ ಪುಟ ಕಟ್ಟುತ್ತಿದ್ದಳು.

"ತಗೋರಿ ಸುನಂದಾಬಾಯಿ, ನಿಮ್ಮ ನಸೀಬ ತೆರೀತು. ಯಶವಂತ ಸರ್ ಹನ್ನೊಂದು ಹಾಳಿ ಬರದಾರ. ಹೊಸಬರಿಗೆ ಅವರು ನಾಕರ ಮ್ಯಾಲ ಬರದಿದ್ದು ನಾ ನೋಡೇ ಇಲ್ಲ. ಇವತ್ತ ಟೈಪ್ ಮಾಡಿ ಮುಗಸ್ರಿ, ಸೋಮವಾರ ಅಚ್ಚಿಗೆ ಕಳಸೂಣು."

ಸ್ಟೇಶನ್ ಬಜಾರದ ಹಿಂದಿನ ಗಲ್ಲಿಯಲ್ಲಿರುವ ದತ್ತಪ್ಪನವರ ಪ್ರಕಾಶನದಲ್ಲಿ ಸುನಂದಾ ಡಿಟಿಪಿ ಮಾಡುತ್ತ ಹತ್ತೊಂಬತ್ತು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಕಮಲಾಪುರದಿಂದ ಬಸ್ಸಿನಲ್ಲಿ ಬರುವುದು, ಸಂಜೆ ಬಸ್ಸಿನಲ್ಲಿ ಹೋಗುವುದು. ನಡುವೆ ಕಲಬುರಗಿಯ ಅರ್ಧ ಸಾಹಿತ್ಯ ಅವಳ ಬೆರಳ ತುದಿಯಿಂದ ಹಾದುಹೋಗಿತ್ತು. ಯಾರಿಗೆ ಅಲ್ಪಪ್ರಾಣ ಮಹಾಪ್ರಾಣ ತಿಳಿಯುವುದಿಲ್ಲ, ಯಾರು ಒಂದೇ ಪ್ರಬಂಧವನ್ನು ಮೂರು ಪುಸ್ತಕದಲ್ಲಿ ಹಾಕಿಕೊಂಡಿದ್ದಾರೆ, ಎಲ್ಲ ಅವಳಿಗೆ ಗೊತ್ತು. ತಿದ್ದಿದ್ದಾಳೆ, ಸುಮ್ಮನಿದ್ದಾಳೆ. ಯಾವ ಪುಸ್ತಕದಲ್ಲೂ ಅವಳ ಹೆಸರು 'ಅಕ್ಷರ ಜೋಡಣೆ' ಎಂಬ ಸಾಲಿನ ಮುಂದೆ ಬಿಟ್ಟರೆ ಬೇರೆಲ್ಲೂ ಬಂದಿರಲಿಲ್ಲ. ಈಗ ನಲವತ್ತಾರನೆಯ ವಯಸ್ಸಿನಲ್ಲಿ ಅವಳದೇ ಕಾದಂಬರಿ ಬರುವುದಿತ್ತು. ಹೆಸರು 'ಹಣ್ಣಿನ ಕೋಣೆ'.

ದತ್ತಪ್ಪನವರು ಕಾದಂಬರಿ ಓದಿ ಮೆಚ್ಚಿಕೊಂಡಿದ್ದರು, ಅದನ್ನು ಅಲ್ಲಗಳೆಯುವಂತಿಲ್ಲ. ತಮ್ಮ ಖರ್ಚಿನಲ್ಲೇ ಹಾಕುತ್ತೇನೆ ಅಂದಿದ್ದರು. ಆದರೆ ಅವರ ಪ್ರಕಾಶನದಲ್ಲಿ ಒಂದು ರಿವಾಜು. ದೊಡ್ಡವರ ಮುನ್ನುಡಿ ಇಲ್ಲದೆ ಹೊಸಬರ ಒಂದು ಹಾಳೆಯೂ ಅಚ್ಚಿಗೆ ಹೋಗುವುದಿಲ್ಲ. ದೊಡ್ಡವರು ಅಂದರೆ ನಿವೃತ್ತ ಪ್ರೊಫೆಸರ್ ಯಶವಂತರಾಯರು. ಆಯ್ಕೆ ಸಮಿತಿಗಳಲ್ಲಿ ಅವರ ಮಾತು ನಡೆಯುತ್ತದೆ, ಬಹುಮಾನ ಕೊಡುವ ಕಡೆ ಅವರು ಕೂತಿರುತ್ತಾರೆ. ಅವರ ಹೆಸರು ಮುಖಪುಟದ ಮೇಲಿದ್ದರೆ ಮುನ್ನೂರು ಪ್ರತಿ ತಾವಾಗಿ ಹೋಗುತ್ತವೆ ಎನ್ನುವುದು ದತ್ತಪ್ಪನವರ ಲೆಕ್ಕ. ಹೀಗಾಗಿ ಸುನಂದಾಳ ಪ್ರತಿ ಅವರ ಮನೆಗೆ ಹೋಯಿತು. ಅವಳು ಪ್ರತಿ ತಿಂಗಳು ಫೋನು ಮಾಡುವುದು, "ಬರೀಲಾಕತ್ತೀನಿ ತಂಗಿ, ನಿನ್ನ ಕೃತಿ ನನ್ನನ್ನ ಭಾಳ ಕಾಡಲಾಕತ್ತದ" ಎಂದು ಅವರು ಅನ್ನುವುದು, ಹದಿನಾಲ್ಕು ತಿಂಗಳು ನಡೆಯಿತು.

ತನ್ನ ಕಾದಂಬರಿಯ ಮುನ್ನುಡಿಯನ್ನು ತಾನೇ ಟೈಪ್ ಮಾಡುವ ಭಾಗ್ಯ ಎಷ್ಟು ಜನರಿಗೆ ಸಿಕ್ಕೀತು! ಸುನಂದಾ ಹಾಳೆಗಳನ್ನು ಎಡಗಡೆ ನಿಲ್ಲಿಸಿಕೊಂಡು ಶುರು ಮಾಡಿದಳು. ಮೊದಲ ಮೂರು ಹಾಳೆ ಪ್ರೊಫೆಸರರ ಬಾಲ್ಯ, ಹಾಸ್ಟೆಲಿನ ತಿಳಿಸಾರು, ಅವರಿಗೆ ಬಂದ ಮೊದಲ ಬಹುಮಾನ. ನಾಲ್ಕನೆಯದರಲ್ಲಿ ಅವರ ವಿದೇಶ ಪ್ರವಾಸ. ಐದನೆಯದರಲ್ಲಿ ಕೊನೆಗೂ ಸುನಂದಾ ಬಂದಳು, 'ಮಗಳ ಸಮಾನಳಾದ' ಎಂಬ ವಿಶೇಷಣದೊಂದಿಗೆ. ಅವಳು ನಕ್ಕಳು. ಇಂಥ ಮುನ್ನುಡಿಗಳನ್ನು ಅವಳು ನೂರು ಸಲ ಟೈಪ್ ಮಾಡಿದ್ದಳು.

ಆರನೆಯ ಹಾಳೆಯನ್ನು ಅವಳ ಬೆರಳುಗಳು ಟೈಪ್ ಮಾಡಿ ಮುಗಿಸಿದವು. ಆಮೇಲೆ ಅದು ತಲೆಗೆ ಹತ್ತಿತು.

'ಈ ಕಾದಂಬರಿಯ ನೀಲಮ್ಮ ಕಲ್ಪನೆಯ ಕೂಸಲ್ಲ. ಈಕೆ ಲೇಖಕಿಯ ತಾಯಿ ಜಯದೇವಿಯವರೇ. ಕಮಲಾಪುರದಲ್ಲಿ ಲೈನ್‌ಮನ್ ಆಗಿದ್ದ ದಿವಂಗತ ಮಲ್ಲಣ್ಣನವರು ತಾಜಸುಲ್ತಾನಪುರದಲ್ಲಿ ಕಟ್ಟಿಕೊಂಡಿದ್ದ ಎರಡನೆಯ ಸಂಸಾರ ಆಗ ಊರಿಗೆಲ್ಲ ತಿಳಿದಿದ್ದ ಸಂಗತಿ. ಕಮಲಾಪುರದ ಅವರ ಓಣಿಯಲ್ಲೇ ಎರಡು ವರ್ಷ ಬಾಡಿಗೆಗಿದ್ದ ನಾನೂ ಅದಕ್ಕೆ ಸಾಕ್ಷಿ. ಆ ತಾಯಿ ನುಂಗಿದ ಕಣ್ಣೀರನ್ನು ಮಗಳು ಅಕ್ಷರಕ್ಕೆ ಇಳಿಸಿದ್ದಾಳೆ. ಹೆಣ್ಣುಮಕ್ಕಳು ಬರೆಯುವುದೇ ಹೀಗೆ, ಮನೆಯಲ್ಲಿ ಉಂಡದ್ದನ್ನು.'

ಸುನಂದಾ ಹಾಳೆಯನ್ನು ಕೈಗೆತ್ತಿಕೊಂಡಳು. ಮತ್ತೊಮ್ಮೆ ಓದಿದಳು. ಅಪ್ಪನ ಹೆಸರು, ಅವ್ವನ ಹೆಸರು, ಊರ ಹೆಸರು, ಒಂದನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ.

ಪ್ರೊಫೆಸರರು ಮುನ್ನುಡಿಯ ಜೊತೆ ಕಾದಂಬರಿಯ ಪ್ರತಿಯನ್ನೂ ಚೀಲದಲ್ಲಿ ಹಾಕಿ ವಾಪಸು ಕಳಿಸಿದ್ದರು. ಸುನಂದಾ ಚೀಲವನ್ನು ಮೇಜಿನ ಮೇಲೆ ಸುರಿದಳು. ಕೊಡುವಾಗ ಅವಳು ಮೂವತ್ತೆರಡು ಹಾಳೆಗೆ ಒಂದರಂತೆ ಹತ್ತು ಕಟ್ಟು ಮಾಡಿ, ಪ್ರತಿ ಕಟ್ಟಿಗೂ ದಾರ ಸುತ್ತಿ ಗಂಟು ಹಾಕಿದ್ದಳು. ಆ ಗಂಟು ಅವಳ ಅಪ್ಪ ಕಲಿಸಿದ್ದು. ಲೈನ್‌ಮನ್ ಮಲ್ಲಣ್ಣ ಕಂಬ ಹತ್ತಿದಾಗ ಹಗ್ಗಕ್ಕೆ ಹಾಕುತ್ತಿದ್ದ ಗಂಟು. ಗೊತ್ತಿದ್ದವರು ಒಂದೇ ಎಳೆತಕ್ಕೆ ಬಿಚ್ಚಬಹುದು, ಗೊತ್ತಿಲ್ಲದವರು ಬಿಚ್ಚಿದರೆ ಮತ್ತೆ ಹಾಗೆ ಕಟ್ಟಲು ಬರುವುದಿಲ್ಲ.

ಮೊದಲ ಕಟ್ಟಿನ ದಾರವನ್ನು ಯಾರೋ ಕತ್ತರಿಯಿಂದ ಕತ್ತರಿಸಿದ್ದರು. ಹಾಳೆಗಳ ಮೇಲೆ ಅಡಿಕೆಯ ಕಲೆ, ಚಹಾದ ಉಂಗುರ. ಉಳಿದ ಒಂಬತ್ತು ಕಟ್ಟಿನ ಗಂಟುಗಳು ಅವಳು ಹಾಕಿದ್ದು ಹಾಕಿದ ಹಾಗೇ ಇದ್ದವು. ಒಂದೂ ಅಲುಗಿರಲಿಲ್ಲ.

ಮೂವತ್ತೆರಡು ಪುಟ! ಮುನ್ನೂರ ಇಪ್ಪತ್ತರಲ್ಲಿ ಮೂವತ್ತೆರಡು ಪುಟ ಓದಿ ಆ ಮನುಷ್ಯ ಹನ್ನೊಂದು ಹಾಳೆ ಗೀಚಿದ್ದ.

'ಹಣ್ಣಿನ ಕೋಣೆ'ಯ ಕಥೆ ಇಷ್ಟು. ಕಮಲಾಪುರದ ನೀಲಮ್ಮ ಕೆಂಪು ಬಾಳೆ ಮಾಗಿಸುವ ಕೋಣೆ ನಡೆಸುತ್ತಾಳೆ. ಗಂಡ ಹಣ್ಣಿನ ಟೆಂಪೊ ಓಡಿಸುತ್ತಾನೆ. ಅವನಿಗೆ ಜಹೀರಾಬಾದಿನಲ್ಲಿ ಇನ್ನೊಂದು ಮನೆಯಿದೆ ಎಂಬ ಸುದ್ದಿ ಹಬ್ಬುತ್ತದೆ. ಮೊದಲ ಮೂವತ್ತೆರಡು ಪುಟದಲ್ಲಿ ಅದು ಎಷ್ಟು ಬಲವಾಗಿ ಹಬ್ಬುತ್ತದೆಂದರೆ ಓದುವವರೂ ನಂಬಬೇಕು, ಸುನಂದಾ ಬೇಕೆಂದೇ ಹಾಗೆ ಬರೆದಿದ್ದಳು. ಅದು ಸುಳ್ಳೆಂದು, ಅವನು ಅಲ್ಲಿ ಒಂದು ದಿಕ್ಕಿಲ್ಲದ ಮನೆಗೆ ಜೋಳ ಮುಟ್ಟಿಸುತ್ತಿದ್ದನಷ್ಟೇ ಎಂದು, ಗಾಳಿಮಾತನ್ನು ನೀಲಮ್ಮನ ಕೋಣೆ ಕಸಿಯಲು ಬೇರೆ ವ್ಯಾಪಾರಿಗಳು ಹುಟ್ಟಿಸಿದ್ದೆಂದು ತಿಳಿಯುವುದು ಒಂಬತ್ತನೆಯ ಕಟ್ಟಿನಲ್ಲಿ. ಗಾಳಿಮಾತು ಒಂದು ಮನೆಯನ್ನು ಹೇಗೆ ಸುಡುತ್ತದೆ ಎಂದು ಹೇಳಲು ಅವಳು ಆರು ವರ್ಷ ಹೆಣಗಿದ್ದಳು. ಪ್ರೊಫೆಸರರು ಆ ಗಾಳಿಮಾತನ್ನೇ ಎತ್ತಿಕೊಂಡು, ಅದಕ್ಕೆ ಅವಳ ಅಪ್ಪನ ಹೆಸರು ಅಂಟಿಸಿ, ಅವಳ ಪುಸ್ತಕದ ಬಾಗಿಲಲ್ಲೇ ನಿಲ್ಲಿಸಿದ್ದರು.

ಅವಳು ಹಾಳೆಯನ್ನು ಎತ್ತಿಕೊಂಡು ದತ್ತಪ್ಪನವರ ಮೇಜಿನ ಮುಂದೆ ನಿಂತಳು.

"ಇದು ತಗೀಬೇಕು ಸರ್."

ದತ್ತಪ್ಪನವರು ಕನ್ನಡಕ ಇಳಿಸಿ ಓದಿದರು. ಮುಖದಲ್ಲಿ ಒಂದು ಕ್ಷಣ ಮುಜುಗರ ಕಂಡಿತು, ಸುಳ್ಳು ಹೇಳಬಾರದು. ಆಮೇಲೆ ಅದೂ ಹೋಯಿತು.

"ಯಶವಂತ ಸರ್ ಬರದಿದ್ದು ಒಂದ ಅಕ್ಷರ ತಗೀಲಾಕ ಬರಂಗಿಲ್ಲರಿ. ನಿಮಗ ಗೊತ್ತದಲ್ಲ, ಹೋದ ವರ್ಷ ಒಂದ ಕಾಮಾ ಬಿಟ್ಟಿದ್ದಕ್ಕ ಅವರು ಮೂರು ತಿಂಗಳು ಮಾತು ಬಿಟ್ಟಿದ್ರು."

"ಅವರು ಕಾದಂಬರಿನೇ ಓದಿಲ್ಲ. ಒಂಬತ್ತು ಕಟ್ಟು ಬಿಚ್ಚೇ ಇಲ್ಲ, ಬರ್ರಿ ತೋರಸ್ತೀನಿ."

"ಮುನ್ನುಡಿ ಬರಿಯವರು ಯಾರು ಪೂರಾ ಓದ್ತಾರ್ರಿ?" ದತ್ತಪ್ಪನವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಹತ್ತೊಂಬತ್ತು ವರ್ಷ ಇಲ್ಲೇ ಕುಂತು ಇಷ್ಟೂ ತಿಳೀಲಿಲ್ಲೇನು ನಿಮಗ?"

ಸುನಂದಾ ಅಲ್ಲೇ ಪ್ರೊಫೆಸರರಿಗೆ ಫೋನು ಹಚ್ಚಿದಳು. ನಮ್ಮಪ್ಪನಿಗೆ ಎರಡನೆಯ ಸಂಸಾರ ಇರಲಿಲ್ಲ ಸರ್, ಆ ಭಾಗ ದಯಮಾಡಿ ತೆಗೆಯಲು ಒಪ್ಪಿಗೆ ಕೊಡಿ ಎಂದು ಕೇಳಿದಳು.

ಆ ಕಡೆಯಿಂದ ನಗು ಕೇಳಿಸಿತು. "ತಂಗಿ, ಮಗಳಾಗಿ ನಿನಗ ಸಂಕಟ ಆಗೋದು ಸಹಜ. ಆದ್ರ ಲೇಖಕಿ ಸತ್ಯಕ್ಕ ಅಂಜಬಾರದು. ಆ ಸಾಲಿನಿಂದನೇ ನಿನ್ನ ಕೃತಿಗೆ ಒಂದು ತೂಕ ಬರತದ. ಇಲ್ಲಾಂದ್ರ ಇದು ಬರೀ ಕಥಿ ಆಗತದ ನೋಡು."

ಬರೀ ಕಥೆ! ಆರು ವರ್ಷ ಅವಳು ಬರೆದದ್ದು ಬರೀ ಕಥೆ, ಇವನು ಕಟ್ಟೆಯ ಮೇಲೆ ಕೂತು ಕೇಳಿದ್ದು ಸತ್ಯ. ಅವಳು ಫೋನು ಇಟ್ಟಳು. ಬೈಗಳು ಬಾಯಿತುದಿಗೆ ಬಂದಿದ್ದವು, ನುಂಗಿದಳು. ಯಾಕೆ ನುಂಗಿದೆ ಎಂದು ಆಮೇಲೆ ತನ್ನ ಮೇಲೂ ಸಿಟ್ಟು ಬಂತು.

"ಹಂಗಾದ್ರ ನನ್ನ ಪುಸ್ತಕ ನಾನೇ ಹಾಕ್ಕೋತೀನಿ," ಅಂದಳು.

ದತ್ತಪ್ಪನವರು ಕುರ್ಚಿಗೆ ಒರಗಿದರು. "ಸ್ವಂತ ಹಾಕ್ಕೊಂಡ ಪುಸ್ತಕ ಯಾರು ಓದ್ತಾರ? ನೀವೇ ನಗ್ತಿದ್ರಲ್ಲ ಅಂಥವರನ್ನ ನೋಡಿ. ಚೀಲ ಹೊತಗೊಂಡು ಬಸ್ಸಿನಾಗ ಹಂಚ್ತಾರ ಅಂತ ನೀವೇ ಅಂದಿದ್ದು. ಇವತ್ತ ಶುಕ್ರವಾರ. ಸೋಮವಾರದ ತನಕ ಕಾಯ್ತೀನಿ. ಸಿಟ್ಟು ಇಳದ ಮ್ಯಾಲ ಬರ್ರಿ."

ಅವಳು ಕಟ್ಟುಗಳನ್ನೂ ಆ ಆರನೆಯ ಹಾಳೆಯನ್ನೂ ಚೀಲಕ್ಕೆ ತುಂಬಿಕೊಂಡು ಹೊರಬಿದ್ದಳು.

ಹುಮನಾಬಾದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಡೆಯ ಮೇಲೆ ಹತ್ತು ಕಟ್ಟಿನ ಭಾರ. ದತ್ತಪ್ಪ ಅಂದದ್ದು ನಿಜವಾಗಿತ್ತು, ಅದಕ್ಕೇ ಅದು ಹೆಚ್ಚು ಚುಚ್ಚುತ್ತಿತ್ತು. ಎಷ್ಟು ಜನ ಬರುತ್ತಿದ್ದರು ಆ ಗಲ್ಲಿಗೆ! ಊರ ಲೆಕ್ಕ ಬರೆಯುತ್ತಿದ್ದ ನಿವೃತ್ತ ತಲಾಟಿಗಳು, ಸಾಲೆಯ ಮಾಸ್ತರರು, ಕವನದ ನೋಟುಬುಕ್ಕು ಹಿಡಿದುಕೊಂಡು, ಖರ್ಚು ನಾವೇ ಕೊಡುತ್ತೇವೆ ಹಾಕಿಕೊಡಿ ಎಂದು. ಅವರು ಹೋದ ಮೇಲೆ ಸುನಂದಾ ಮತ್ತು ದತ್ತಪ್ಪ ಕೂಡಿಯೇ ನಗುತ್ತಿದ್ದರು. ಪ್ರಕಾಶಕ ಆರಿಸಿ ಹಾಕಿದ ಪುಸ್ತಕ ಬೇರೆ, ಹಾಕಿಸಿಕೊಂಡ ಪುಸ್ತಕ ಬೇರೆ ಎಂದು ಅವಳು ನಂಬಿದ್ದಳು. ಹತ್ತೊಂಬತ್ತು ವರ್ಷ ಬೇರೆಯವರ ಪುಸ್ತಕ ಕಟ್ಟಿದವಳಿಗೆ ತನ್ನದು ಒಂದು, ಒಂದೇ ಒಂದು, ಮರ್ಯಾದೆಯಿಂದ ಬರಲಿ ಎಂಬ ಆಸೆ ಇತ್ತು. ಕನ್ನಡ ಭವನದಲ್ಲಿ ಬಿಡುಗಡೆ, ವೇದಿಕೆಯ ಮೇಲೆ ತಾನು, ಮುಂದಿನ ಸಾಲಿನಲ್ಲಿ ಅವ್ವ. ಈಗ ಅದೇ ವೇದಿಕೆಯ ಮೇಲಿಂದ ಪ್ರೊಫೆಸರ್ ಅವ್ವನತ್ತ ಬೆರಳು ತೋರಿಸಿ, ಇವರೇ ಆ ನೊಂದ ಜೀವ ಎನ್ನುತ್ತಾನೆ. ಅಷ್ಟು ಸಾಕಾಗಿತ್ತು, ಬಸ್ಸು ಮಹಾಗಾಂವ ಕ್ರಾಸ್ ದಾಟುವ ತನಕ ಅವಳು ಹಲ್ಲು ಕಚ್ಚಿಯೇ ಕೂತಿದ್ದಳು.

ನಡೆದದ್ದು ಏನು? ಮಲ್ಲಣ್ಣನ ಜೊತೆ ಗೋಪಾಲ ಎಂಬ ಇನ್ನೊಬ್ಬ ಲೈನ್‌ಮನ್ ಇದ್ದ. ತಾಜಸುಲ್ತಾನಪುರದವನು. ಒಂದು ದಿನ ಮಲ್ಲಣ್ಣನಿಗೆ ಜ್ವರ. ಅವನು ಹತ್ತಬೇಕಾದ ಕಂಬವನ್ನು ಗೋಪಾಲ ಹತ್ತಿದ, ಜೀವಂತ ಇಳಿಯಲಿಲ್ಲ. ಗೋಪಾಲನ ಹೆಂಡತಿ ಜಾನಕೀಬಾಯಿಗೆ ಎರಡು ಸಣ್ಣ ಮಕ್ಕಳು. ಅವತ್ತಿನಿಂದ ಹದಿಮೂರು ವರ್ಷ ಮಲ್ಲಣ್ಣ ಪ್ರತಿ ತಿಂಗಳು ಸೈಕಲ್ ಮೇಲೆ ಜೋಳದ ಚೀಲ ಹೇರಿಕೊಂಡು ತಾಜಸುಲ್ತಾನಪುರಕ್ಕೆ ಹೋಗಿ ಬಂದ. ಆ ಮಕ್ಕಳು ಓದಿ ನೌಕರಿ ಹಿಡಿಯುವ ತನಕ. ಓಣಿ ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಿತು. ಸಾಲೆಯಲ್ಲಿ ಹುಡುಗಿಯರು ಸುನಂದಾಳನ್ನು "ನಿಮ್ಮ ಸಣ್ಣವ್ವ ಹೆಂಗದಾಳ?" ಎಂದು ಕೇಳುತ್ತಿದ್ದರು. ಮಲ್ಲಣ್ಣ ಸತ್ತು ಹನ್ನೊಂದು ವರ್ಷವಾಗಿತ್ತು, ಜಾನಕೀಬಾಯಿ ಹೋಗಿ ನಾಲ್ಕು. ಊರು ಮರೆಯುತ್ತ ಬಂದಿತ್ತು. ಅದನ್ನು ಪೂರ್ತಿ ತೊಳೆಯಬೇಕೆಂದೇ ಅವಳು ಕಾದಂಬರಿ ಬರೆದದ್ದು.

ಅವ್ವ ಕಟ್ಟೆಯ ಮೇಲೆ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಎಪ್ಪತ್ತೆರಡಾದರೂ ಕೈ ಚುರುಕು, ಕಣ್ಣು ಮಾತ್ರ ಮಂದ. ಮಗಳ ಮುಖ ನೋಡಿದ್ದೇ ಏನಾಯಿತು ಎಂದು ಕೇಳಿದಳು. ಸುನಂದಾ ಮುಚ್ಚಿಡಬೇಕೆಂದುಕೊಂಡಿದ್ದಳು, ಆಗಲಿಲ್ಲ. ಆರನೆಯ ಹಾಳೆ ತೆಗೆದು ಓದಿದಳು.

ಮೊರ ನಿಂತಿತು.

"ಅಂವ ಯಶವಂತ ಏನು? ಹಿಂದಿನ ಮನ್ಯಾಗ ಬಾಡಿಗಿಗಿದ್ದಂವ?"

"ಹೂಂ."

"ಅವನ ಮನಿ ಲೈಟ್ ಹೋದ್ರ ನಿಮ್ಮಪ್ಪ ಉಣ್ಣೂದು ಬಿಟ್ಟು ಎದ್ದು ಹೋಗಿ ಫ್ಯೂಜ್ ಹಾಕಿ ಬರ್ತಿದ್ದ. ಎಂಜಲಗೈ ತೊಳಕೊಂಡು ಓಡತಿದ್ದ." ಅವ್ವ ಮೊರವನ್ನು ಕೆಳಗಿಟ್ಟಳು. "ಸತ್ತ ಮನಶ್ಯಾನ ಮ್ಯಾಲ ಬರದಾನ, ಬಾಡ್ಯಾ. ಕೇಳಾಕ ಬರಂಗಿಲ್ಲ ಅಂತ."

"ನಾ ಅದನ್ನ ಹಾಕಗೊಡಂಗಿಲ್ಲ ಅವ್ವ. ಬೇಕಾದ್ರ ಪುಸ್ತಕನೇ ಬ್ಯಾಡ."

ಅವ್ವ ಮಗಳತ್ತ ತಿರುಗಿದಳು. ಆ ಸಿಟ್ಟು ಈಗ ಇತ್ತ ಬಂತು. "ಅಂವ ನನ್ನ ಕೇಳದ ಬರದ. ಬಿಡು, ಅಂವ ಹೊರಗಿನಂವ. ನೀ ಕೇಳಿ ಬರದಿಯೇನು?"

"ಅದು ಕಥಿ ಅವ್ವ," ಅಂದಳು ಸುನಂದಾ. "ಅದರಾಗ ನಿನ್ನ ಹೆಸರಿಲ್ಲ."

"ಹೆಸರಿಲ್ಲಂದ್ರ ನಾ ಅಲ್ಲೇನು? ಆರು ವರ್ಷ ಈ ಮನ್ಯಾಗ ಕುಂತು ಬರದಿ. ನಾನೇ ಚಾ ಮಾಡಿ ಮಾಡಿ ಕೊಟ್ಟೀನಿ. ಏನ ಬರೀಲಾಕತ್ತಿ ಅಂದ್ರ ಬಾಳಿಹಣ್ಣಿನ ಕಥಿ ಅಂದಿ. ಒಂದ ದಿನ ನನಗ ಓದಿ ಹೇಳೀಯೇನು? ಮಂದಿಗೆ ತೋರಿಸಿದಿ, ಆ ಬಾಡ್ಯಾಗ ಕೊಟ್ಟಿ. ನನ್ನ ಬದುಕು, ನನಗ ತೋರಸಲಿಲ್ಲ."

ಅವ್ವ ಮೂರನೆಯ ಇಯತ್ತೆ ಕಲಿತವಳು, ಅವಳಿಗೇನು ತಿಳಿಯುತ್ತದೆ ಎಂದು ಸುನಂದಾ ಅಂದುಕೊಂಡಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಅಂದುಕೊಂಡಿದ್ದಂತೂ ಹೌದು. ಪ್ರೊಫೆಸರರು ಅವಳ ಬಗ್ಗೆ ಅಂದುಕೊಂಡಿದ್ದೂ ಇಂಥದ್ದೇ. ಸುನಂದಾಳಿಗೆ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ಓದು," ಅಂದಳು ಅವ್ವ. "ಮದಲಿಂದ ಓದು. ಒಂದ ಅಕ್ಷರ ಬಿಡಬ್ಯಾಡ."

ಸುನಂದಾ ಎರಡನೆಯ ಕಟ್ಟಿನ ಗಂಟಿಗೆ ಕೈ ಹಾಕಿದಳು. ಅವ್ವ ತಡೆದಳು. ಆ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವಳಿಗೆ ಅದರ ಗುರುತು ಹತ್ತಿತು.

"ಇದನ್ನ ಬಿಚ್ಚಬ್ಯಾಡ. ಹಿಂಗೇ ಇರಲಿ. ಮನ್ಯಾಗ ಬ್ಯಾರೆ ಇದ್ರ ಅದನ್ನ ತಗೊಂಡು ಓದು."

ಮನೆಯಲ್ಲಿ ಅವಳ ತಿದ್ದುಪಡಿಯ ಪ್ರತಿ ಇತ್ತು. ಶನಿವಾರ, ಭಾನುವಾರ ಇಡೀ ದಿನ ಅವಳು ಓದಿದಳು. ಅವ್ವ ಅಡ್ಡ ಮಾತಾಡಲಿಲ್ಲ. ಬಾಳೆಯ ಗೊನೆ ಇಳಿಸುವ ಹೊತ್ತು ತಪ್ಪಾಗಿದೆ ಎಂದು ಒಮ್ಮೆ ಹೇಳಿದಳು, ಸುನಂದಾ ತಿದ್ದಿಕೊಂಡಳು. ನೀಲಮ್ಮ ಅಳುವ ಕಡೆ, "ಇಷ್ಟು ಅಳಂಗಿಲ್ಲ ಅಕಿ" ಅಂದಳು. ಅದನ್ನೂ ಹೊಡೆದುಹಾಕಿದಳು.

ಒಂಬತ್ತನೆಯ ಕಟ್ಟಿನ ಭಾಗ ಬಂದಾಗ ಭಾನುವಾರದ ಬಿಸಿಲು ಇಳಿಯುತ್ತಿತ್ತು. ಅಲ್ಲಿ ನೀಲಮ್ಮ ತುಂಬಿದ ಸಂತೆಯಲ್ಲಿ ತನ್ನ ಹಣ್ಣಿನ ಬುಟ್ಟಿಯ ಮುಂದೆ ಎದ್ದು ನಿಲ್ಲುತ್ತಾಳೆ. 'ಆ ಮನಿಗೆ ಜೋಳ ಕಳಸಾಕಿ ನಾನು. ಅಳದು, ಕೇರಿ, ಚೀಲಾ ಹೊಲದು ಅವನ ಕೈಯಾಗ ಕೊಟ್ಟಾಕಿ ನಾನು. ಕೇಳೂದಿದ್ರ ನನ್ನ ಕೇಳ್ರಿ' ಎನ್ನುತ್ತಾಳೆ.

ಸುನಂದಾ ತಲೆಯೆತ್ತಿದಳು. ಅವ್ವನ ಕಣ್ಣಲ್ಲಿ ನೀರು ಇರಲಿಲ್ಲ. ಮುಖ ಕೆಂಪಾಗಿತ್ತು.

"ನಾ ಹಿಂಗ ಅಂದಿಲ್ಲ," ಅಂದಳು.

"ಬ್ಯಾಡಂದ್ರ ತಗೀತೀನಿ ಅವ್ವ."

"ತಗೀಬ್ಯಾಡ. ಅವತ್ತ ಅನ್ನಬೇಕಾಗಿತ್ತು, ಅನ್ನಲಿಲ್ಲ. ಬ್ಯಾರೇರ ಜೋಳ ಉಂಡು ಬೆಳದ್ರು ಅಂತ ಜಾನಕೀಬಾಯಿ ಮಕ್ಕಳು ಮಂದ್ಯಾಗ ತಲಿ ತಗ್ಗಸಬಾರದು, ಯಾರ ಮುಂದೂ ಹೇಳಬ್ಯಾಡ ಅಂತ ನಿಮ್ಮಪ್ಪ ಆಣಿ ಹಾಕಿಸಿದ್ದ. ನಾ ಬಾಯಿ ಮುಚಗೊಂಡು ಕುಂತೆ. ಮಂದಿ ನನ್ನ ಮುಂದೇ ಅಯ್ಯೋ ಪಾಪ ಅಂತಿದ್ರು. ಅದು ಇನ್ನೂ ಉರೀತದ ನೋಡು ಹೊಟ್ಟ್ಯಾಗ." ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಈಗ ಅಕಿನೂ ಇಲ್ಲ, ಅವನೂ ಇಲ್ಲ. ಅಕಿ ಮಕ್ಕಳು ದೊಡ್ಡವರಾಗ್ಯಾರ. ಹೆಂಗಾರ ಮಾಡಿ ಹಾಕಸು ಇದನ್ನ. ಆದ್ರ ಅವನ ಮಾತು ಇದರಾಗ ಬರಬಾರದು."

ಸೋಮವಾರ ದತ್ತಪ್ಪನವರು ಚಹಾ ತರಿಸಿದರು. ಅಂದರೆ ರಾಜಿಯ ಮಾತು ಸಿದ್ಧವಿದೆ ಎಂದು ಅರ್ಥ.

"ನೋಡ್ರಿ, ನಾ ಸರ್ ಜೋಡಿ ಮಾತಾಡೀನಿ. ದೊಡ್ಡ ಮನಸು ಮಾಡ್ಯಾರ. ಮಲ್ಲಣ್ಣ, ಜಯದೇವಿ ಅಂತ ಹೆಸರು ತಗಿಯೂಣು. ಕಮಲಾಪುರದ ಒಬ್ಬ ಲೈನ್‌ಮನ್ ಅಂತ ಇರಲಿ. ಮುಗೀತಲ್ಲ?"

ಒಂದು ಗಳಿಗೆ ಸುನಂದಾಳ ಮನಸ್ಸು ಜಾರಿತು. ಜಾರಿದ್ದು ನಿಜ. ಎದುರಿನ ಗೋಡೆಯ ಮೇಲೆ ಮುಖಪುಟದ ಮಾದರಿ ಅಂಟಿಸಿದ್ದರು, ಕೆಂಪು ಬಾಳೆಯ ಚಿಪ್ಪು, ಮೇಲೆ ದಪ್ಪ ಅಕ್ಷರದಲ್ಲಿ ಅವಳ ಹೆಸರು. ಹೆಸರುಗಳೇ ಹೋದ ಮೇಲೆ ಇನ್ನೇನು ಎಂದು ಒಳಗೊಂದು ದನಿ ಹೇಳಿತು.

"ಆಗ ಕಮಲಾಪುರದಾಗ ಇಬ್ಬರೇ ಲೈನ್‌ಮನ್ ಇದ್ರು ಸರ್," ಅಂದಳು. "ಒಬ್ಬ ಕಂಬದ ಮ್ಯಾಲ ಸತ್ತ. ಇನ್ನೊಬ್ಬ ನಮ್ಮಪ್ಪ. ಹೆಸರು ಯಾಕ ಬೇಕು?"

ದತ್ತಪ್ಪನವರ ತಾಳ್ಮೆ ತೀರಿತು. "ನಿಮಗ ಯಾರು ಮುನ್ನುಡಿ ಬರೀತಾರ ಅಂತ ತಿಳದೀರಿ? ನೀವು ಟೈಪ್ ಮಾಡವರು. ಒಬ್ಬ ಯಶವಂತರಾಯ ನಿಮ್ಮ ಸಲುವಾಗಿ ಪೆನ್ನು ಹಿಡದಾನ ಅಂದ್ರ—"

"ಟೈಪ್ ಮಾಡವಳಿದ್ದೀನಿ, ಅದಕ್ಕೇ ಗೊತ್ತದ," ಸುನಂದಾಳ ದನಿ ಹೊರಗಿನ ಗಲ್ಲಿಗೂ ಕೇಳಿಸಿತು. "ಅವರ ಹದಿನೇಳು ಮುನ್ನುಡಿ ಟೈಪ್ ಮಾಡೀನಿ. ಹದಿನೇಳರಾಗೂ ಅದೇ ಹಾಸ್ಟೆಲು, ಅದೇ ತಿಳಿಸಾರು. ಓದದ ಬರದಿದ್ದನ್ನ ನಾ ತಿದ್ದಿ ತಿದ್ದಿ ಮರ್ಯಾದಿ ಉಳಿಸೀನಿ. ಯಾವ ಲೇಖಕರಿಗೂ ಗೊತ್ತಾಗಗೊಟ್ಟಿಲ್ಲ. ಈ ಹದಿನೆಂಟನೇದು ನನ್ನ ಕೈಲೆ ಆಗಂಗಿಲ್ಲ. ನಿಮ್ಮ ಪ್ರಕಾಶನ ನಿಮಗ ಇರಲಿ, ನಿಮ್ಮ ಕೆಲಸಾನೂ ಇರಲಿ."

ಮೇಜಿನ ಡ್ರಾದಿಂದ ತನ್ನ ಕನ್ನಡಕದ ಡಬ್ಬಿ, ನೀರಿನ ಬಾಟಲಿ ತೆಗೆದುಕೊಂಡಳು. ಹತ್ತೊಂಬತ್ತು ವರ್ಷದ ಸಾಮಾನು ಅಷ್ಟೇ ಇತ್ತು. ದತ್ತಪ್ಪನವರು ಹಿಂದಿನಿಂದ ಏನೋ ಅಂದರು, ಅವಳು ನಿಲ್ಲಲಿಲ್ಲ.

ನೆಹರು ಗಂಜಿನಲ್ಲಿ, ಬೇಳೆ ಮೂಟೆಗಳ ಅಂಗಡಿಗಳ ನಡುವೆ, ಜಾಹೇದಾಳ ಪ್ರಿಂಟಿಂಗ್ ಅಂಗಡಿಯಿತ್ತು. ಮದುವೆ ಕಾರ್ಡು, ಬಿಲ್ ಬುಕ್ಕು, ದಾಲ್ ಮಿಲ್ಲಿನ ಲೇಬಲ್ಲು ಹಾಕುತ್ತಿದ್ದಳು. ದತ್ತಪ್ಪನವರ ಪುಸ್ತಕಗಳ ಬೈಂಡಿಂಗ್ ಅವಳ ತಂದೆಯ ಕಾಲದಿಂದ ಅಲ್ಲೇ ಆಗುತ್ತಿದ್ದುದರಿಂದ ಇಬ್ಬರಿಗೂ ಹಳೆಯ ಪರಿಚಯ. ಸುನಂದಾ ಪೆನ್‌ಡ್ರೈವ್ ಮುಂದಿಟ್ಟು, ಇನ್ನೂರು ಪ್ರತಿ ಬೇಕು, ಚೀಟಿಯ ದುಡ್ಡು ಬಂದಿದೆ ಎಂದಳು.

ಜಾಹೇದಾ ಪುಟಗಳನ್ನು ಪರದೆಯ ಮೇಲೆ ಸರಿಸಿದಳು. "ಅಕ್ಕಾ, ಮುನ್ನುಡಿ ಎಲ್ಲದ? ಖಾಲಿ ಬಿಟ್ಟಿಲ್ಲ, ಜಾಗಾನೇ ಇಟ್ಟಿಲ್ಲಲ್ಲ."

"ಇಲ್ಲ. ಹೆಸರಿನ ಹಾಳಿ ತಿರುವಿದ್ರ ಕಥಿ ಶುರು."

"ಲೋಗ್ ಕ್ಯಾ ಬೋಲೇಂಗೆ, ಮಂದಿ ಏನಂತಾರ ಅಂತೀರೇನೋ ಅಂದ್ಕೊಂಡಿದ್ದೆ," ಜಾಹೇದಾ ನಕ್ಕಳು. "ಪಬ್ಲಿಷರ್ ಅಂತ ಏನ ಹಾಕಲಿ? ಏನಾರ ಒಂದು ಹಾಕಬೇಕಲ್ಲ."

ಸುನಂದಾ ಇದನ್ನು ಯೋಚಿಸಿರಲಿಲ್ಲ. ಸ್ವಂತ ಹಾಕಿಕೊಂಡವರೆಲ್ಲ ಮಕ್ಕಳ ಹೆಸರಿಗೋ ಮನೆದೇವರ ಹೆಸರಿಗೋ ಪ್ರಕಾಶನ ಎಂದು ಸೇರಿಸುತ್ತಿದ್ದರು, ಅದನ್ನು ನೋಡಿಯೂ ಅವಳು ನಕ್ಕಿದ್ದಳು. ಈಗ ನಗು ಬರಲಿಲ್ಲ.

"ಪ್ರಕಾಶಕರು, ಜಯದೇವಿ ಮಲ್ಲಣ್ಣ, ಕಮಲಾಪುರ," ಅಂದಳು. "ಎರಡೂ ಹೆಸರು ಕೂಡಿಸಿ ಹಾಕು. ದೊಡ್ಡ ಅಕ್ಷರದಾಗ."

ಪುಸ್ತಕ ಇಪ್ಪತ್ತು ದಿನಕ್ಕೆ ಬಂತು. ಬಿಡುಗಡೆ ಇಲ್ಲ, ಹಾರ ಇಲ್ಲ. ಅವ್ವ ಮೊದಲ ಪ್ರತಿಯನ್ನು ಕಣ್ಣಿನ ಹತ್ತಿರ ಹಿಡಿದು ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆಮೇಲೆ ಟ್ರಂಕಿನ ಮೇಲಿದ್ದ ಹಳೆಯ ಚೀಲ ತೆಗೆದಳು. ಅದರಲ್ಲಿ ಒಂಬತ್ತು ಕಟ್ಟು ಹಾಗೇ ಇದ್ದವು.

"ನಡಿ," ಅಂದಳು. "ಅವನ ಮನಿ ತೋರಸು."

"ಯಾಕ ಅವ್ವ? ಮುಗೀತಲ್ಲ."

"ನಿಂದು ಮುಗೀತು. ನಂದು ಮುಗದಿಲ್ಲ."

ಜೇವರ್ಗಿ ರಸ್ತೆಯ ಮನೆಯ ಪಡಸಾಲೆಯಲ್ಲಿ ಪ್ರೊಫೆಸರ್ ಯಶವಂತರಾಯರು ಪೇಪರು ಓದುತ್ತಿದ್ದರು. ಸುನಂದಾಳನ್ನು ಕಂಡು ಮುಖ ಬಿಗಿದುಕೊಂಡಿತು. ತಮ್ಮ ಮುನ್ನುಡಿಯನ್ನು ಬಿಟ್ಟು ಪುಸ್ತಕ ಹಾಕಿಕೊಂಡ ಸುದ್ದಿ ಮುಟ್ಟಿತ್ತು. ಹಿಂದೆ ಬಂದ ಮುದುಕಿಯ ಗುರುತು ಅವರಿಗೆ ಹತ್ತಲಿಲ್ಲ.

"ನಾ ಮಲ್ಲಣ್ಣನ ಹೆಂಡತಿ ರೀ," ಅಂದಳು ಅವ್ವ. "ನಿಮ್ಮ ಮನಿ ಫ್ಯೂಜ್ ಹಾಕತಿದ್ನಲ್ಲ, ಆ ಮಲ್ಲಣ್ಣ."

ಪ್ರೊಫೆಸರರು ಎದ್ದು ನಿಂತರು. "ಅಯ್ಯೋ, ಬರ್ರಿ ಅಕ್ಕಾರ, ಕುಂದರ್ರಿ. ಬಹಳ ವರ್ಷ ಆ—"

ಅವ್ವ ಕೂರಲಿಲ್ಲ. ಚೀಲದಿಂದ ಎರಡನೆಯ ಕಟ್ಟು ತೆಗೆದು ಅವರ ಪೇಪರಿನ ಮೇಲೆ ಇಟ್ಟಳು. "ಬಿಚ್ಚ್ರಿ," ಅಂದಳು.

ಪ್ರೊಫೆಸರರಿಗೆ ತಿಳಿಯಲಿಲ್ಲ. ಆದರೂ ಆ ದನಿಗೆ ಎದುರು ಆಡಲು ಆಗದೆ ದಾರಕ್ಕೆ ಉಗುರು ಹಚ್ಚಿದರು. ಗಂಟು ಇನ್ನೂ ಬಿಗಿಯಿತು. ಒಳಗೆ ತಿರುಗಿ ಕತ್ತರಿ ತರಲು ಕೂಗಿದರು.

"ಕತ್ತರಿ ಬ್ಯಾಡ. ಮದಲನೇದಕ್ಕ ಕತ್ತರಿ ಹಾಕೀರಿ, ಸಾಕು. ನನ್ನ ಗಂಡ ಕಂಬದ ಮ್ಯಾಲ ಹಾಕತಿದ್ದ ಗಂಟು ಇದು. ಒಂದ ಕೈಲೆ ಬಿಚ್ಚೂದು. ಇನ್ನೊಂದ ಕೈಯಾಗ ಕಂಬ ಹಿಡದಿರತಾರ." ಅವ್ವ ಬಾಗಿ ದಾರದ ಒಂದು ತುದಿ ಹಿಡಿದು ಎಳೆದಳು. ಗಂಟು ಸರ್ರನೆ ಬಿಚ್ಚಿಕೊಂಡಿತು. "ಇನ್ನ ಎಂಟದಾವ. ಒಂದೊಂದೂ ನಾನೇ ಬಿಚ್ಚಿ ಕೊಡತೀನಿ. ನೀವು ಓದ್ರಿ. ನನಗ ಕಣ್ಣು ಕಾಣಂಗಿಲ್ಲ, ಬಾಯಿ ಬಿಟ್ಟು ಓದ್ರಿ."

"ಅಕ್ಕಾರ, ಇದೆಲ್ಲ ಈಗ..."

"ಸಾಕ್ಷಿ ಇದ್ದೀನಿ ಅಂತ ಬರದೀರಲ್ಲ? ಸಾಕ್ಷಿ ಅಂದ್ರ ಪೂರಾ ಹೇಳಬೇಕು."

ಅವ್ವ ಎದುರಿನ ಕುರ್ಚಿಯಲ್ಲಿ ಕೂತಳು. ಸೆರಗು ಸರಿಮಾಡಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಇವತ್ತು ಏಳುವವಳಲ್ಲ ಎಂದು ಸುನಂದಾಳಿಗೆ ಗೊತ್ತಾಯಿತು. ಪ್ರೊಫೆಸರರಿಗೂ ಗೊತ್ತಾಗಿರಬೇಕು. ಅವರು ಸುನಂದಾಳ ಮುಖ ನೋಡಿದರು, ಅಲ್ಲಿ ಏನೂ ಸಿಗಲಿಲ್ಲ. ಕನ್ನಡಕ ಹುಡುಕಿ ಹಾಕಿಕೊಂಡರು. ಮೂವತ್ತಮೂರನೆಯ ಪುಟ ಎತ್ತಿಕೊಂಡು ಸಣ್ಣ ದನಿಯಲ್ಲಿ ಓದತೊಡಗಿದರು.

ಎರಡು ಸಾಲು ಮುಗಿಯುವಷ್ಟರಲ್ಲಿ ಅವ್ವ ಕೈಯೆತ್ತಿದಳು.

"ಇನ್ನೂ ಜೋರ ಓದ್ರಿ," ಅಂದಳು. "ಅವಾಗ ನಮ್ಮ ಓಣಿ ತುಂಬ ಕೇಳೂ ಹಂಗ ಮಾತಾಡತಿದ್ರಿ."